ತೂಕದ ಚೀಟಿ ಮತ್ತು 503: ಸರ್ವಿಸ್ ಮೆಶ್‌ನಲ್ಲಿ ದೋಷ ಹುಡುಕಿದ ಬಗೆ

ಸಿಂಧನೂರಿನ ಕಡೆಯ ಒಂದು ರೈಸ್ ಮಿಲ್ಲಿನಿಂದ ಬಂದ ಮೊದಲ ದೂರು ಎರಡೇ ವಾಕ್ಯದ್ದು. ‘ಮಧ್ಯಾಹ್ನ ಊಟದ ಹೊತ್ತಿಗೆ ತೂಕದ ಚೀಟಿ ಬರುವುದಿಲ್ಲ. ಲಾರಿಗಳು ಸಾಲುಗಟ್ಟಿ ನಿಂತಾಗ ಸರಿಯಾಗಿಯೇ ಬರುತ್ತದೆ.’ ಮೊದಲ ವಾಕ್ಯವನ್ನು ಹಿಡಿದು ನಾನು ಹತ್ತು ದಿನ ಓಡಾಡಿದೆ. ಉತ್ತರ ಇದ್ದದ್ದು ಎರಡನೆಯದರಲ್ಲಿ.

ನಮ್ಮದು ರಾಯಚೂರಿನಲ್ಲಿ ಐದು ಜನ ಕೂರುವ ಸಣ್ಣ ಕಚೇರಿ. ಸಿಂಧನೂರು, ಮಾನ್ವಿ, ಗಂಗಾವತಿ ಸುತ್ತಿನ ಕೆಲವು ರೈಸ್ ಮಿಲ್ಲುಗಳಿಗೆ ಭತ್ತ ಖರೀದಿಯ ಸಾಫ್ಟ್‌ವೇರ್ ನಡೆಸುತ್ತೇವೆ. ಲಾರಿ ಗೇಟಿಗೆ ಬಂದಾಗ ಪಾಸು, ವೇಬ್ರಿಡ್ಜ್ ಮೇಲೆ ತುಂಬಿದ ತೂಕ, ತೇವಾಂಶದ ಪರೀಕ್ಷೆ, ಹಮಾಲರು ಇಳಿಸಿದ ಮೇಲೆ ಖಾಲಿ ತೂಕ, 75 ಕೆ.ಜಿ. ಚೀಲದ ಲೆಕ್ಕದಲ್ಲಿ ದರ, ಕೊನೆಗೆ ರೈತರ ಖಾತೆಗೆ ಹಣ. ಇವಕ್ಕೆಲ್ಲ ಪ್ರತ್ಯೇಕ ಮೈಕ್ರೋಸರ್ವಿಸ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಪ್ರೋಗ್ರಾಂ, ಒಟ್ಟು ಒಂಬತ್ತು. ಎಲ್ಲವೂ ಕ್ಯೂಬರ್ನೆಟಿಸ್ ಎಂಬ, ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆಯ ಮೇಲೆ ಓಡುತ್ತವೆ, ನಡುವೆ ಇಸ್ಟಿಯೋ ಇದೆ. ಸೇವೆಗಳ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಸಾಗಿಸಿ ನಿಗಾ ಇಡುವ ಇಂಥ ಪದರಕ್ಕೆ ಸರ್ವಿಸ್ ಮೆಶ್ ಎನ್ನುತ್ತಾರೆ. ಒಂಬತ್ತು ಸೇವೆಗಳಿಗೆ ಸರ್ವಿಸ್ ಮೆಶ್ ಬೇಕಿತ್ತೇ ಎಂದು ಕೇಳಿದರೆ, ಬೇಕಿರಲಿಲ್ಲ ಎಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಹಣದ ಮಾಹಿತಿ ಹರಿಯುವ ಯಾವ ದಾರಿಯೂ ಬಯಲಾಗಿರಕೂಡದು ಎಂದು ಒಬ್ಬ ಮಾಲೀಕರು ಪಟ್ಟು ಹಿಡಿದರು. ಒಂಬತ್ತು ಕಡೆ ಕೈಯಿಂದ ಸರ್ಟಿಫಿಕೇಟ್ (ಗೂಢಲಿಪಿಗೆ ಬೇಕಾದ ಡಿಜಿಟಲ್ ಗುರುತುಪತ್ರ) ಹಾಕಿ, ಅವುಗಳ ಅವಧಿ ಮುಗಿಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುವುದಕ್ಕಿಂತ ಮೆಶ್ ಸುಲಭವೆನಿಸಿತು. ಇಸ್ಟಿಯೋ ಕೊಡುವ ಸರ್ಟಿಫಿಕೇಟಿನ ಆಯುಸ್ಸು ಸಾಮಾನ್ಯವಾಗಿ 24 ಗಂಟೆ. ನವೀಕರಣವನ್ನು ಅದೇ ನೋಡಿಕೊಳ್ಳುತ್ತದೆ.

ನಮ್ಮಂತೆಯೇ ಮೆಶ್ ಹಾಕಿಕೊಂಡು, ಆಗೊಮ್ಮೆ ಈಗೊಮ್ಮೆ ಬೀಳುವ 503ರ (‘ಸೇವೆ ಲಭ್ಯವಿಲ್ಲ’ ಎಂಬ ದೋಷಸಂಖ್ಯೆಯ) ಜಾಡು ಸಿಗದೆ ಕುಳಿತವರಿಗಾಗಿ ಇದನ್ನು ಬರೆದಿದ್ದೇನೆ. ಸದಾ ಬೀಳುವ 503 ಸುಲಭದ ಕಾಯಿಲೆ. ಅಪರೂಪಕ್ಕೆ ಬೀಳುವುದೇ ಕಾಡುವಂಥದ್ದು.

ದಾರಿಯ ನಕ್ಷೆ

ದೋಷ ಹುಡುಕುವ ಮೊದಲು ಒಂದು ಕೋರಿಕೆ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದಿಲ್ಲದೆ ಲಾಗ್ ಓದಲು ಕೂರಬೇಡಿ.

ನಮ್ಮ ಗೇಟ್ ಸೇವೆ ತೂಕದ ಸೇವೆಯನ್ನು ನೇರವಾಗಿ ಕರೆಯುತ್ತಿದ್ದೇನೆ ಎಂದುಕೊಂಡಿದೆ. ಹಾಗೆ ಆಗುವುದಿಲ್ಲ. ಪ್ರತಿ ಪಾಡ್‌ನಲ್ಲಿಯೂ, ಅಂದರೆ ಕ್ಯೂಬರ್ನೆಟಿಸ್ ಆ್ಯಪ್ ಓಡಿಸುವ ಗೂಡಿನಲ್ಲಿ, ಆ್ಯಪ್‌ನ ಪಕ್ಕದಲ್ಲಿ ಎನ್ವಾಯ್ ಎಂಬ ಪ್ರಾಕ್ಸಿ (ನಡುವಿನ ದಲ್ಲಾಳಿ) ಕುಳಿತಿರುತ್ತದೆ. ಇದನ್ನೇ ಸೈಡ್‌ಕಾರ್ ಎನ್ನುತ್ತಾರೆ. ಪಾಡ್‌ನಿಂದ ಹೊರಡುವ ಮಾತನ್ನು ಐಪಿಟೇಬಲ್ಸ್ ಎಂಬ ಲಿನಕ್ಸ್‌ನ ನೆಟ್‌ವರ್ಕ್ ನಿಯಮಗಳು ಅಡ್ಡಗಟ್ಟಿ ಎನ್ವಾಯ್‌ನ 15001ನೇ ಪೋರ್ಟಿಗೆ ತಿರುಗಿಸುತ್ತವೆ. ಆ ಎನ್ವಾಯ್ ಗೂಢಲಿಪಿಯಲ್ಲಿ ಆಚೆಯ ಪಾಡ್‌ಗೆ ಕಳಿಸುತ್ತದೆ. ಅಲ್ಲಿ 15006ನೇ ಪೋರ್ಟಿನಲ್ಲಿ ಇನ್ನೊಂದು ಎನ್ವಾಯ್ ಅದನ್ನು ಬಿಚ್ಚಿ ತನ್ನ ಪಕ್ಕದ ಆ್ಯಪ್‌ಗೆ ಒಪ್ಪಿಸುತ್ತದೆ. ಹೀಗಾಗಿ ಒಂದು ಕರೆಯಲ್ಲಿ ಮೂರು ತುಂಡುಗಳಿವೆ: ಗೇಟ್ ಆ್ಯಪ್‌ನಿಂದ ಅದರ ಎನ್ವಾಯ್‌ವರೆಗೆ, ಎನ್ವಾಯ್‌ನಿಂದ ಎನ್ವಾಯ್‌ವರೆಗೆ, ಆಚೆಯ ಎನ್ವಾಯ್‌ನಿಂದ ತೂಕದ ಆ್ಯಪ್‌ವರೆಗೆ. ಮೂರೂ ಬೇರೆ ಬೇರೆ ಟಿಸಿಪಿ ಸಂಪರ್ಕಗಳು. ಮೂರರಲ್ಲಿ ಯಾವುದು ಹರಿದರೂ ಟ್ಯಾಬ್ಲೆಟ್ ಹಿಡಿದ ಗೇಟಿನ ಹುಡುಗನಿಗೆ ಕಾಣುವುದು ಒಂದೇ 503.

ಹೆಸರುಗಳ ಬಗ್ಗೆ ಒಂದು ಮಾತು. ಎನ್ವಾಯ್ ಭಾಷೆಯಲ್ಲಿ ಕರೆ ಸ್ವೀಕರಿಸುವ ಸೇವೆ ಅಪ್‌ಸ್ಟ್ರೀಮ್, ಕರೆಯುವವರು ಡೌನ್‌ಸ್ಟ್ರೀಮ್. ಕೋರಿಕೆ ಹೊರಡುವ ಜಾಗವೇ ಮೇಲ್ಭಾಗ ಎಂದುಕೊಂಡರೆ ಇದು ತಲೆಕೆಳಗಾಗಿ ಕಾಣುತ್ತದೆ. ಕಾಲುವೆಯ ಕಡೆಯವನಾದ ನಾನು ಉತ್ತರವನ್ನು ನೀರು ಎಂದುಕೊಂಡೆ. ನೀರು ಎಲ್ಲಿಂದ ಬರಬೇಕೋ ಅದು ಮೇಲ್ಭಾಗ, ಕಾಯುತ್ತಿರುವವರು ಕೆಳಭಾಗದವರು. ಅಂದಿನಿಂದ ಗೊಂದಲವಾಗಿಲ್ಲ.

ಎರಡು ಕಡೆಯ ಗೇಜು

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಜಿಲ್ಲೆಯ ಕೊನೆಯ ಭಾಗವನ್ನು ಮುಟ್ಟುವಷ್ಟರಲ್ಲಿ ಇನ್ನೂರು ಕಿ.ಮೀ. ದಾಟಿರುತ್ತದೆ. ನೀರು ಬರದಿದ್ದಾಗ ಇಲ್ಲಿಯ ರೈತರು ‘ಕಾಲುವೆ ಕೆಟ್ಟಿದೆ’ ಎಂದು ಸುಮ್ಮನಾಗುವುದಿಲ್ಲ. ಮೈಲ್ 69ರಲ್ಲಿ ಗೇಜ್ ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಎಂದು ಕೇಳುತ್ತಾರೆ. ಅಲ್ಲಿದ್ದು ಇಲ್ಲಿಲ್ಲದಿದ್ದರೆ ನೀರು ನಡುವೆ ಎಲ್ಲೋ ಹೋಗಿದೆ ಎಂದು ಲೆಕ್ಕ. ಮೆಶ್‌ನಲ್ಲಿಯೂ ಮಾಡಬೇಕಾದದ್ದು ಇಷ್ಟೇ. ಒಂದೇ ಕೋರಿಕೆಯನ್ನು ಎರಡೂ ಸೈಡ್‌ಕಾರ್‌ಗಳ ಲಾಗ್‌ನಲ್ಲಿ ಹುಡುಕಿ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಹೆಚ್ಚಿನವರು ಕರೆಯುವ ಕಡೆಯ ಲಾಗ್ ನೋಡಿ, ಅಲ್ಲಿ 503 ಕಂಡು, ಮೆಶ್ ಮೇಲೆ ಗೂಬೆ ಕೂರಿಸಿ ಎದ್ದುಬಿಡುತ್ತಾರೆ. ನಾನೂ ಅದನ್ನೇ ಮಾಡಿದೆ.

ಇದಕ್ಕೆ ಎರಡು ಸಿದ್ಧತೆ ಬೇಕು. ಒಂದು, ಪ್ರತಿ ಕೋರಿಕೆಯನ್ನೂ ದಾಖಲಿಸುವ ಆ್ಯಕ್ಸೆಸ್ ಲಾಗ್ ಚಾಲೂ ಇರಬೇಕು. ಇಸ್ಟಿಯೋದ ಡೀಫಾಲ್ಟ್ ಪ್ರೊಫೈಲ್‌ನಲ್ಲಿ ಅದು ಬಂದ್ ಇರುತ್ತದೆ. ಟೆಲಿಮೆಟ್ರಿ ಎಂಬ ಸಂಪನ್ಮೂಲದ ಮೂಲಕ ಒಂದು ನೇಮ್‌ಸ್ಪೇಸ್‌ಗೆ (ಸೇವೆಗಳ ಒಂದು ಗುಂಪಿಗೆ) ಮಾತ್ರ ಚಾಲೂ ಮಾಡಬಹುದು, ಡಿಸ್ಕ್ ತುಂಬುವ ಭಯವಿಲ್ಲ. ಎರಡು, ಕೋರಿಕೆಗೆ ಗುರುತು ಬೇಕು. ಎನ್ವಾಯ್ ಪ್ರತಿ ಕೋರಿಕೆಗೂ ‘ಎಕ್ಸ್-ರಿಕ್ವೆಸ್ಟ್-ಐಡಿ’ ಎಂಬ ಹೆಡರ್ ಸೇರಿಸುತ್ತದೆ, ಎರಡೂ ಕಡೆಯ ಲಾಗ್‌ನಲ್ಲಿ ಅದೇ ಸಂಖ್ಯೆ ಕಾಣುತ್ತದೆ. ಆದರೆ ನಿಮ್ಮ ಸೇವೆ ಒಂದು ಕರೆಯನ್ನು ಪಡೆದು ಇನ್ನೊಂದು ಸೇವೆಯನ್ನು ಕರೆಯುವಾಗ ಆ ಹೆಡರನ್ನು ತಾನೇ ಮುಂದೆ ಸಾಗಿಸಬೇಕು. ಈ ಕೆಲಸವನ್ನು ಮೆಶ್ ಮಾಡಿಕೊಡುವುದಿಲ್ಲ. ನಮ್ಮ ಗೇಟ್ ಸೇವೆ ಅದನ್ನು ಬಿಸಾಡುತ್ತಿತ್ತು. ಅದನ್ನು ಸರಿಪಡಿಸುವುದರಲ್ಲಿಯೇ ಒಂದು ದಿನ ಕಳೆಯಿತು.

ಸಮಯದ ಪಟ್ಟಿ ಮಾತ್ರ ಪುಕ್ಕಟೆಯಾಗಿ ಸಿಕ್ಕಿತು. ಆ ಮಿಲ್ಲಿನ ಗುಮಾಸ್ತರು ಚೀಟಿ ಬರದಿದ್ದಾಗಲೆಲ್ಲ ತಮ್ಮ ಖಾತೆ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಿಂದ ಗಂಟೆ, ನಿಮಿಷ ಬರೆದಿಟ್ಟಿದ್ದರು. 1.40, 2.05, 2.12, ರಾತ್ರಿ 9.20. ಆ ಪುಟದ ಫೋಟೊ ತೆಗೆದು ಕಳಿಸಿದರು. ನಮ್ಮ ಡ್ಯಾಶ್‌ಬೋರ್ಡ್ ಐದೈದು ನಿಮಿಷಗಳ ಸರಾಸರಿ ಹಾಕಿ ಇವನ್ನೆಲ್ಲ ನುಂಗಿಬಿಟ್ಟಿತ್ತು.

ಈಗ ಜೋಡಿ ಸಾಲುಗಳು. 2.12ರ ಕೋರಿಕೆಗೆ ಗೇಟ್ ಸೇವೆಯ ಸೈಡ್‌ಕಾರ್‌ನಲ್ಲಿ 503, ಮುಂದೆ ಒಂದು ಅಡ್ಡಗೆರೆ, ಅದರ ಮುಂದೆ ‘ವಯಾ ಅಪ್‌ಸ್ಟ್ರೀಮ್’ ಎಂದಿತ್ತು. ತೂಕದ ಸೇವೆಯ ಸೈಡ್‌ಕಾರ್‌ನಲ್ಲಿ ಅದೇ ಗುರುತಿನ ಕೋರಿಕೆಗೆ 503, ಮುಂದೆ ‘ಯುಸಿ’, ಅದರ ಮುಂದೆ ಉತ್ತರ ಆರಂಭವಾಗುವ ಮೊದಲೇ ಅಪ್‌ಸ್ಟ್ರೀಮ್ ಸಂಪರ್ಕ ಮುರಿಯಿತು ಎಂಬ ಅರ್ಥದ ವಿವರ.

ಇವೆರಡನ್ನು ನಿಧಾನವಾಗಿ ಓದಿ. ಮೊದಲ ಎನ್ವಾಯ್‌ನ ಅಡ್ಡಗೆರೆಯ ಅರ್ಥ: ‘ನನ್ನ ಕಡೆಯಿಂದ ತೊಂದರೆ ಇಲ್ಲ, ಆಚೆಯಿಂದ ಬಂದ 503 ಅನ್ನು ಹಾಗೆಯೇ ದಾಟಿಸಿದ್ದೇನೆ.’ ಎರಡನೆಯದು ಹೇಳುತ್ತಿರುವುದು: ‘ನಾನು ಪಕ್ಕದ ಆ್ಯಪ್‌ಗೆ ಕೋರಿಕೆ ಕೊಟ್ಟೆ, ಅದು ಉತ್ತರಿಸದೆ ಸಂಪರ್ಕ ಕಡಿದುಕೊಂಡಿತು.’ ಅಂದರೆ ಮೊದಲ ಎರಡು ತುಂಡುಗಳು ಗಟ್ಟಿಯಾಗಿವೆ. ಹರಿದಿರುವುದು ಮೂರನೆಯದು, ಒಂದೇ ಪಾಡ್‌ನ ಒಳಗೆ, ಒಂದಡಿಯೂ ತಂತಿ ಇಲ್ಲದ ಜಾಗದಲ್ಲಿ. ನಾನು ಅಲ್ಲಿಯವರೆಗೆ ಅನುಮಾನಿಸಿದ್ದ ಮಿಲ್ಲಿನ ಇಂಟರ್ನೆಟ್, ಕ್ಲೌಡ್‌ನ ನೆಟ್‌ವರ್ಕ್, ಗೂಢಲಿಪಿ ಎಲ್ಲವೂ ಒಂದೇ ಏಟಿಗೆ ಪಟ್ಟಿಯಿಂದ ಹೊರಬಿದ್ದವು.

ಎರಡಕ್ಷರದ ಸಂಕೇತಗಳು

503ರಂಥ ಉತ್ತರ ಸಂಖ್ಯೆಯ ಪಕ್ಕದಲ್ಲಿ ಎನ್ವಾಯ್ ಬರೆಯುವ ಈ ಸಂಕೇತವೇ ನಿಜವಾದ ದೋಷಸೂಚಿ. ಸಂಖ್ಯೆಯನ್ನು ಬಿಟ್ಟು ಇದನ್ನು ನೋಡಿ. ಯುಎಫ್ ಎಂದರೆ ಆಚೆಯ ಸೇವೆಗೆ ಸಂಪರ್ಕವೇ ಕೂಡಲಿಲ್ಲ. ಪೋರ್ಟ್ ತಪ್ಪು, ಆ್ಯಪ್ ಎದ್ದಿಲ್ಲ, ಇಲ್ಲವೇ ಒಂದು ಕಡೆ ಗೂಢಲಿಪಿ ಕಡ್ಡಾಯವಾಗಿದ್ದು ಇನ್ನೊಂದು ಕಡೆ ಇಲ್ಲ. ಯುಎಚ್ ಎಂದರೆ ಕರೆಯಲು ಆರೋಗ್ಯವಂತ ಪಾಡ್ ಒಂದೂ ಉಳಿದಿಲ್ಲ. ಯುಒ ಎಂದರೆ ನೀವೇ ಹಾಕಿದ ಮಿತಿ ತುಂಬಿ ಸರ್ಕ್ಯೂಟ್ ಬ್ರೇಕರ್ ತಡೆದಿದೆ. ಎನ್‌ಆರ್ ಎಂದರೆ ದಾರಿಯೇ ಬರೆದಿಲ್ಲ, ದಾರಿಗಳನ್ನು ಬರೆದಿಡುವ ವರ್ಚುವಲ್ ಸರ್ವಿಸ್‌ನಲ್ಲಿ ಹೆಸರು ತಪ್ಪಿರುತ್ತದೆ. ಯುಟಿ ಎಂದರೆ ಕಾದು ಕಾದು ಸಮಯ ಮೀರಿತು. ಡಿಸಿ ಎಂದರೆ ಕರೆದವರೇ ಫೋನ್ ಇಟ್ಟರು. ಯುಆರ್‌ಎಕ್ಸ್ ಎಂದರೆ ಮರುಪ್ರಯತ್ನಗಳ ಲೆಕ್ಕ ಮುಗಿಯಿತು.

ನಮ್ಮದು ಯುಸಿ: ಕೂಡಿದ್ದ ಸಂಪರ್ಕವನ್ನು ಆಚೆಯವರು ಮುರಿದರು. ಯುಎಫ್ ಮತ್ತು ಯುಸಿ ನಡುವೆ ಒಂದೇ ಅಕ್ಷರದ ವ್ಯತ್ಯಾಸವಿದ್ದರೂ ದಿಕ್ಕು ಪೂರ್ತಿ ಬೇರೆ. ಮೊದಲನೆಯದು ಬಾಗಿಲು ತೆರೆಯಲಿಲ್ಲ ಎಂಬ ದೂರು, ಎರಡನೆಯದು ಒಳಗೆ ಕರೆದು ಕೂರಿಸಿ ಎದ್ದು ಹೋದರು ಎಂಬ ದೂರು. ಯುಸಿ ಕಂಡಾಗ ಕೇಳಬೇಕಾದದ್ದು ಎರಡೇ ಪ್ರಶ್ನೆ. ಆ್ಯಪ್ ಆ ಕ್ಷಣದಲ್ಲಿ ಸತ್ತಿತೇ? ಸಾಯದಿದ್ದರೆ ಯಾಕೆ ಕಡಿಯಿತು?

ಸಾವಿನ ಪ್ರಶ್ನೆ ಬೇಗ ತೀರುತ್ತದೆ. ಪಾಡ್ ಎಷ್ಟು ಸಲ ಮರುಚಾಲನೆಯಾಗಿದೆ, ಮೆಮೊರಿ ಮೀರಿ ಕೊಲ್ಲಲ್ಪಟ್ಟಿದೆಯೇ ಎಂದು ನೋಡಿದರೆ ಸಾಕು. ನಮ್ಮಲ್ಲಿ ಸೊನ್ನೆ. ಆ್ಯಪ್ ಹದಿನೆಂಟು ದಿನಗಳಿಂದ ಒಮ್ಮೆಯೂ ಬಿದ್ದಿರಲಿಲ್ಲ. ಅದರ ಲಾಗ್‌ನಲ್ಲಿ 2.12ರ ಕೋರಿಕೆಯ ಸುಳಿವೂ ಇರಲಿಲ್ಲ.

ನಾನು ಮಾಡಿದ ತಪ್ಪು

ಇಲ್ಲಿ ಕಥೆ ನೇರವಾಗಿ ಮುಂದೆ ಹೋಗಬೇಕಿತ್ತು, ಹೋಗಲಿಲ್ಲ. ಸುಗ್ಗಿಯ ಕಾಲ, ಮಾಲೀಕರ ಫೋನು ದಿನಕ್ಕೆ ನಾಲ್ಕು ಸಲ. ಕಾರಣ ಆಮೇಲೆ ನೋಡೋಣ, ಮೊದಲು ಚೀಟಿ ಬರಲಿ ಎಂದು ಮರುಪ್ರಯತ್ನ ಹಾಕಿದೆ.

ಇಸ್ಟಿಯೋ ತಾನಾಗಿಯೇ ಎರಡು ಬಾರಿ ಮರುಪ್ರಯತ್ನಿಸುತ್ತದೆ. ಯಾವ ಯಾವ ಸ್ಥಿತಿಯಲ್ಲಿ ಎಂಬುದು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಹಳೆಯ ಆವೃತ್ತಿಗಳು 503 ಬಂದರೂ ಮತ್ತೆ ಕಳಿಸುತ್ತಿದ್ದವು. ನಮ್ಮ ತೂಕದ ಸೇವೆಗೆ ಮಾತ್ರ, ಹಣಕ್ಕೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ, ನಮ್ಮಲ್ಲಿ ಮೊದಲು ಕೆಲಸ ಮಾಡುತ್ತಿದ್ದವರು ಅದನ್ನು ಸೊನ್ನೆಗೆ ಇಳಿಸಿದ್ದರು. ಆ ಸೊನ್ನೆಯನ್ನು ನಾನು ಮೂರು ಮಾಡಿದೆ, 503ಕ್ಕೂ ಸಂಪರ್ಕ ಮುರಿದಾಗಲೂ ಮತ್ತೆ ಕಳಿಸು ಎಂದು ಬರೆದೆ. ದೂರು ಅಂದೇ ನಿಂತಿತು. ಸಂಜೆ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಿದೆ.

ನಾಲ್ಕನೆಯ ದಿನ ಗುಮಾಸ್ತರ ಫೋನು. ‘ತಮ್ಮಾ, ಒಂದು ವಿಷಯ ಕೇಳಬೇಕಿತ್ತು. ಈ ಲಾರಿ ಒಂದೇ ದಿನ ಎರಡು ಸಲ ಖಾಲಿಯಾಗಿದೆಯಲ್ಲ?’

‘ಎರಡು ಲೋಡು ತಂದಿರಬಹುದು, ಕಾಕಾ.’

‘ಒಂದೇ ನಿಮಿಷದಲ್ಲಿಯೇ?’

ಅಂದು ಮಧ್ಯಾಹ್ನ ನಾವು ತೂಕದ ಸೇವೆಯ ಹೊಸ ಆವೃತ್ತಿ ಏರಿಸಿದ್ದೆವು. ಹಳೆಯ ಪಾಡ್ ಡೇಟಾಬೇಸ್‌ಗೆ ಚೀಟಿಯನ್ನು ಬರೆದು, ‘ಆಯಿತು’ ಎಂದು ಹೇಳುವ ಮೊದಲೇ ಸತ್ತಿತು. ಎನ್ವಾಯ್‌ಗೆ ಕಂಡದ್ದು ಮುರಿದ ಸಂಪರ್ಕ ಮಾತ್ರ. ನಾನು ಹೇಳಿಕೊಟ್ಟಂತೆ ಅದು ನಿಷ್ಠೆಯಿಂದ ಹೊಸ ಪಾಡ್‌ಗೆ ಅದೇ ಕೋರಿಕೆಯನ್ನು ಮತ್ತೆ ಕಳಿಸಿತು. ಒಂದೇ ಲಾರಿಗೆ ಎರಡು ಚೀಟಿ. ಹಣ ಹೋಗುವ ಮೊದಲೇ ಗುಮಾಸ್ತರ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ.

ಓದುವ ಕೋರಿಕೆಗೆ ಮರುಪ್ರಯತ್ನ ಹಾಕಿ, ತೊಂದರೆ ಇಲ್ಲ. ಬರೆಯುವ ಕೋರಿಕೆಗೆ ಹಾಕುವುದಾದರೆ, ಎರಡನೇ ಸಲ ಬಂದರೆ ಗುರುತಿಸಿ ಹಳೆಯ ಉತ್ತರವನ್ನೇ ಕೊಡುವ ಬುದ್ಧಿ ಮೊದಲು ಆ್ಯಪ್‌ಗೆ ಬರಬೇಕು. ನಾವು ಈಗ ಪ್ರತಿ ಚೀಟಿಗೂ ಟ್ಯಾಬ್ಲೆಟ್‌ನಲ್ಲಿಯೇ ಒಂದು ಸಂಖ್ಯೆ ಹುಟ್ಟಿಸುತ್ತೇವೆ. ಡೇಟಾಬೇಸ್‌ನಲ್ಲಿ ಆ ಸಂಖ್ಯೆ ಎರಡನೇ ಸಲ ಬರಲು ಅವಕಾಶವಿಲ್ಲ. ಅಂದು ಅದಿರಲಿಲ್ಲ. ಮೂರನ್ನು ಮತ್ತೆ ಸೊನ್ನೆ ಮಾಡಿದೆ. ದೂರು ಮರಳಿ ಬಂತು.

ಐದು ಸೆಕೆಂಡು

ಆಗ ಗುಮಾಸ್ತರ ಎರಡನೇ ವಾಕ್ಯ ನೆನಪಾಯಿತು. ಲಾರಿ ಸಾಲುಗಟ್ಟಿದಾಗ ಸರಿ, ಬಿಡುವಿದ್ದಾಗ ತಪ್ಪು. ಹೊರೆ ಹೆಚ್ಚಿ ಸೋತಿದ್ದರೆ ಇದಕ್ಕೆ ತದ್ವಿರುದ್ಧವಾಗಬೇಕಿತ್ತು. ಬಿಡುವಿನಲ್ಲಿ ಮಾತ್ರ ಕೆಡುವ ವಸ್ತು ಯಾವುದು? ಸುಮ್ಮನೆ ಕುಳಿತ ಸಂಪರ್ಕ.

ಪ್ರತಿ ಕೋರಿಕೆಗೂ ಹೊಸ ಸಂಪರ್ಕ ಕಟ್ಟುವುದು ದುಬಾರಿ. ಆದ್ದರಿಂದ ಎನ್ವಾಯ್ ಒಮ್ಮೆ ಕಟ್ಟಿದ್ದನ್ನು ಕಾದಿಟ್ಟುಕೊಂಡು ಮತ್ತೆ ಬಳಸುತ್ತದೆ. ಬೇರೆ ಹೇಳದಿದ್ದರೆ ಸುಮ್ಮನಿರುವ ಸಂಪರ್ಕವನ್ನು ಅದು ಒಂದು ಗಂಟೆಯವರೆಗೆ ಇಟ್ಟುಕೊಳ್ಳುತ್ತದೆ. ನಮ್ಮ ತೂಕದ ಸೇವೆ ನೋಡ್ ಜೆಎಸ್‌ನಲ್ಲಿ ಬರೆದದ್ದು. ನೋಡ್‌ನ ಎಚ್‌ಟಿಟಿಪಿ ಸರ್ವರ್, ಹಲವು ಆವೃತ್ತಿಗಳಲ್ಲಿ, ಸುಮ್ಮನಿರುವ ಸಂಪರ್ಕವನ್ನು 5 ಸೆಕೆಂಡಿಗೆ ಮುಚ್ಚುತ್ತದೆ. ಒಬ್ಬರ ಗಡಿಯಾರದಲ್ಲಿ ಒಂದು ಗಂಟೆ, ಇನ್ನೊಬ್ಬರದರಲ್ಲಿ ಐದು ಸೆಕೆಂಡು. ಸಾಮಾನ್ಯವಾಗಿ ಇದರಿಂದ ಏನೂ ಆಗುವುದಿಲ್ಲ. ನೋಡ್ ಮುಚ್ಚಿದರೆ ಮುಚ್ಚಿದ ಸೂಚನೆ ಎನ್ವಾಯ್‌ಗೆ ಸಿಗುತ್ತದೆ, ಮುಂದಿನ ಸಲ ಅದು ಹೊಸದನ್ನು ಕಟ್ಟುತ್ತದೆ. ನೋಡ್ ಮುಚ್ಚುತ್ತಿರುವ ಅದೇ ಕ್ಷಣದಲ್ಲಿ ಎನ್ವಾಯ್ ಕೋರಿಕೆ ತುರುಕಿದರೆ ಮಾತ್ರ ತೊಂದರೆ. ಅಂಥ ಕ್ಷಣ ಸಿಗುವುದು ತೀರಾ ಅಪರೂಪ, ಯಾರಾದರೂ ಸರಿಯಾಗಿ ಐದೈದು ಸೆಕೆಂಡಿಗೆ ಬಾಗಿಲು ತಟ್ಟದಿದ್ದರೆ.

ನಮ್ಮ ಟ್ಯಾಬ್ಲೆಟ್ ಐದೈದು ಸೆಕೆಂಡಿಗೆ ತಟ್ಟುತ್ತಿತ್ತು. ಲಾರಿ ವೇಬ್ರಿಡ್ಜ್ ಏರಿದಾಗ ಮುಳ್ಳು ತೂಗಾಡುತ್ತದೆ. ತೂಕ ನಿಂತಿತೇ ಎಂದು ಟ್ಯಾಬ್ಲೆಟ್ ಐದು ಸೆಕೆಂಡಿಗೊಮ್ಮೆ ಕೇಳುತ್ತದೆ. ನಿಂತ ಕೂಡಲೇ ಅದೇ ತಾಳಕ್ಕೆ ಚೀಟಿ ಉಳಿಸುವ ಕೋರಿಕೆ ಹೋಗುತ್ತದೆ. ಎಲ್ಲ ಮಿಲ್ಲುಗಳಲ್ಲೂ ಲಾರಿಗಳಿದ್ದಾಗ ಎಲ್ಲರ ಕೋರಿಕೆಗಳು ಬೆರೆತು ಸಂಪರ್ಕಕ್ಕೆ ಐದು ಸೆಕೆಂಡಿನ ಬಿಡುವೇ ಸಿಗುವುದಿಲ್ಲ. ಊಟದ ಹೊತ್ತಿನಲ್ಲಿ ಒಂದೇ ಟ್ಯಾಬ್ಲೆಟ್ ಉಳಿದಾಗ ನೋಡ್ ಬಾಗಿಲು ಹಾಕುವುದೂ ಟ್ಯಾಬ್ಲೆಟ್ ಬಾಗಿಲು ತಟ್ಟುವುದೂ ಒಂದೇ ಗಳಿಗೆಗೆ ಬೀಳುತ್ತವೆ.

ಊಹೆಯನ್ನು ಕಣ್ಣಾರೆ ನೋಡಬೇಕು. ಎನ್ವಾಯ್‌ನಿಂದ ಆ್ಯಪ್‌ವರೆಗಿನ ಮಾತು ಪಾಡ್ ಒಳಗಿನ ಲೂಪ್‌ಬ್ಯಾಕ್ ಇಂಟರ್‌ಫೇಸ್ ಮೇಲೆ ನಡೆಯುತ್ತದೆ. ಅಲ್ಲಿ ಗೂಢಲಿಪಿ ಇರುವುದಿಲ್ಲ, ಎಲ್ಲವೂ ಓದುವಂತಿರುತ್ತದೆ. ಕ್ಯೂಬರ್ನೆಟಿಸ್‌ಗೆ ಆಜ್ಞೆ ಕೊಡುವ ಕ್ಯೂಬ್‌ಸಿಟಿಎಲ್‌ನ ಡೀಬಗ್ ಮೂಲಕ ತಾತ್ಕಾಲಿಕ ಕಂಟೇನರ್ ಸೇರಿಸಿ, ನೆಟ್‌ವರ್ಕ್ ಮಾತನ್ನು ಸೆರೆಹಿಡಿಯುವ ಟಿಸಿಪಿಡಂಪ್ ಹಚ್ಚಿ, 127.0.0.6 ವಿಳಾಸದಿಂದ ಬರುವ ಸಂಪರ್ಕಗಳನ್ನು ಹಿಡಿದೆ. ಒಳಬರುವ ಮಾತನ್ನು ಆ್ಯಪ್‌ಗೆ ದಾಟಿಸುವಾಗ ಇಸ್ಟಿಯೋದ ಎನ್ವಾಯ್ ಬಳಸುವ ಮೂಲ ವಿಳಾಸ ಅದು. ಹಾಗಾಗಿ ಸೋಸಲು ಅನುಕೂಲ. ಮಧ್ಯಾಹ್ನ ಎರಡು ಗಂಟೆಗೆ ಕಾದು ಕುಳಿತೆ. ಒಂದು ಉತ್ತರ ಹೋಯಿತು. ಐದು ಸೆಕೆಂಡು ಮೌನ. ನೋಡ್‌ನಿಂದ ‘ಫಿನ್’ ಹೊರಟಿತು, ಅಂದರೆ ನನ್ನ ಮಾತು ಮುಗಿಯಿತು ಎಂಬ ಸೂಚನೆ. ಅದು ಎನ್ವಾಯ್‌ನ ಕಿವಿಗೆ ಬೀಳುವಷ್ಟರಲ್ಲಿ, ಒಂದು ಮಿಲಿಸೆಕೆಂಡಿನ ಒಳಗೆ, ಎನ್ವಾಯ್‌ನ ಕೋರಿಕೆ ಒಳಬಂದಿತ್ತು. ಮರುಕ್ಷಣ ನೋಡ್‌ನಿಂದ ‘ಆರ್‌ಎಸ್‌ಟಿ’, ಅಂದರೆ ಸಂಪರ್ಕವನ್ನು ಒಮ್ಮೆಲೇ ಕಡಿಯುವ ಸೂಚನೆ. ಸೈಡ್‌ಕಾರ್ ಲಾಗ್‌ನಲ್ಲಿ ಹೊಸದೊಂದು ಯುಸಿ. ಆ್ಯಪ್‌ನ ಕೋಡ್ ಆ ಕೋರಿಕೆಯನ್ನು ನೋಡಿರಲೇ ಇಲ್ಲ. ಅದರ ಲಾಗ್ ಖಾಲಿ ಇದ್ದದ್ದೂ ಅದಕ್ಕೇ.

ಇನ್ನೊಂದು ವಿಷಯ ಆಗಲೇ ತಿಳಿಯಿತು. ದೂರು ದಿನಕ್ಕೆ ಎರಡು ಮೂರು, ಯುಸಿ ಮಾತ್ರ ನಲವತ್ತರ ಆಸುಪಾಸು. ‘ತೂಕ ನಿಂತಿತೇ’ ಎಂಬ ಪ್ರಶ್ನೆಗೆ 503 ಬಂದರೆ ಟ್ಯಾಬ್ಲೆಟ್ ಸದ್ದಿಲ್ಲದೆ ಐದು ಸೆಕೆಂಡು ಬಿಟ್ಟು ಮತ್ತೆ ಕೇಳುತ್ತಿತ್ತು. ಚೀಟಿ ಉಳಿಸುವ ಕೋರಿಕೆಗೆ ಬಂದಾಗ ಮಾತ್ರ ಜನರಿಗೆ ಕಾಣುತ್ತಿತ್ತು.

ಪೋರ್ಟ್ ಫಾರ್ವರ್ಡ್ ಹಾಕಿ ಪರೀಕ್ಷಿಸಿದೆ, ಎಲ್ಲ ಸರಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಯೂಬ್‌ಸಿಟಿಎಲ್‌ನ ಪೋರ್ಟ್ ಫಾರ್ವರ್ಡ್ ಪಾಡ್‌ನ ಒಳಗೆ ನೇರವಾಗಿ ಇಳಿಯುತ್ತದೆ, ಸೈಡ್‌ಕಾರ್ ಅನ್ನು ಹಾಯುವುದಿಲ್ಲ. ನಾನು ಎರಡು ದಿನ ಕಳೆದುಕೊಂಡದ್ದು ಈ ಪರೀಕ್ಷೆಯಲ್ಲಿಯೇ.

ದುರಸ್ತಿ

ಸೂತ್ರ ಸರಳವಾಗಿದೆ: ಸುಮ್ಮನಿರುವ ಸಂಪರ್ಕವನ್ನು ಕರೆಯುವವರು ಮೊದಲು ಬಿಡಬೇಕು, ಉತ್ತರಿಸುವವರು ಆಮೇಲೆ. ಇಲ್ಲಿ ಕರೆಯುವವನು ಎನ್ವಾಯ್.

ಕೋಡ್ ಮುಟ್ಟದೆ ಅಂದೇ ಮಾಡಬಹುದಾದದ್ದು, ತೂಕದ ಸೇವೆಯ ಡೆಸ್ಟಿನೇಶನ್ ರೂಲ್‌ನಲ್ಲಿ (ಒಂದು ಸೇವೆಯ ಜೊತೆಗಿನ ಸಂಪರ್ಕ ಹೇಗಿರಬೇಕೆಂದು ಇಸ್ಟಿಯೋಗೆ ಹೇಳುವ ನಿಯಮ) ಕನೆಕ್ಷನ್ ಪೂಲ್, ಅದರೊಳಗೆ ಎಚ್‌ಟಿಟಿಪಿ, ಅದರೊಳಗೆ ಐಡಲ್ ಟೈಮೌಟ್ 3 ಸೆಕೆಂಡು ಎಂದು ಬರೆಯುವುದು. ಈ ರೂಲ್ ಕರೆಯುವವರ ಸೈಡ್‌ಕಾರ್‌ಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಉತ್ತರಿಸುವ ಪಾಡ್‌ನ ಒಳಬರುವ ಕಡೆಗೂ ಇಸ್ಟಿಯೋ ಅದನ್ನೇ ಅನ್ವಯಿಸುತ್ತದೆ. ನಮಗೆ ಬೇಕಾದದ್ದು ಅದೇ. ಒಳಬರುವ ಕಡೆಗೆ ಮಾತ್ರ ಬೇರೆ ಮಿತಿ ಬೇಕಿದ್ದರೆ ಸೈಡ್‌ಕಾರ್ ಸಂಪನ್ಮೂಲದಲ್ಲಿ ಇನ್‌ಬೌಂಡ್ ಕನೆಕ್ಷನ್ ಪೂಲ್ ಎಂಬ ಜಾಗವಿದೆ.

ಮೂರು ಸೆಕೆಂಡು ತಾತ್ಕಾಲಿಕ ತೇಪೆ, ಸಂಪರ್ಕಗಳನ್ನು ಅನಗತ್ಯವಾಗಿ ಮತ್ತೆ ಮತ್ತೆ ಕಟ್ಟಬೇಕಾಗುತ್ತದೆ. ಮುಂದಿನ ವಾರ ಕೋಡ್‌ನಲ್ಲಿಯೇ ನೋಡ್‌ನ ಕೀಪ್ ಅಲೈವ್ ಟೈಮೌಟ್ ಅನ್ನು 65 ಸೆಕೆಂಡಿಗೆ, ಹೆಡರ್ಸ್ ಟೈಮೌಟ್ ಅನ್ನು 66ಕ್ಕೆ ಏರಿಸಿ, ಡೆಸ್ಟಿನೇಶನ್ ರೂಲ್‌ನ ಐಡಲ್ ಟೈಮೌಟ್ ಅನ್ನು 60 ಸೆಕೆಂಡು ಮಾಡಿದೆವು. ಬದಲಾವಣೆ ನಿಜಕ್ಕೂ ಎನ್ವಾಯ್‌ಗೆ ತಲುಪಿದೆಯೇ ಎಂದು ಇಸ್ಟಿಯೋಸಿಟಿಎಲ್‌ನ ಪ್ರಾಕ್ಸಿ ಕಾನ್ಫಿಗ್ ಆಜ್ಞೆಯಲ್ಲಿ ಆ ಪಾಡ್‌ನ ಕ್ಲಸ್ಟರ್ ವಿವರ ತೆಗೆದು ನೋಡಿ. ಯಾಮಲ್ ಕಡತದಲ್ಲಿ ಬರೆದದ್ದೇ ಎನ್ವಾಯ್ ಒಳಗೂ ಇರುತ್ತದೆ ಎಂಬ ಖಾತರಿಯಿಲ್ಲ. ನಮ್ಮಲ್ಲಿ ಒಂದು ಸಲ ಸೇವೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿ, ರೂಲ್ ಯಾರಿಗೂ ಅನ್ವಯಿಸದೆ ವಾರಗಟ್ಟಲೆ ಬಿದ್ದಿತ್ತು.

ಲಕ್ಷಣ ಅದೇ, ಕಾಯಿಲೆ ಬೇರೆ

ಈ ಹಾದಿಯಲ್ಲಿ ಕೈಗೆ ತಾಕಿದ ಬೇರೆ ಕೆಲವನ್ನು ಚುಟುಕಾಗಿ ಹೇಳುತ್ತೇನೆ.

ಪಾಡ್ ಹುಟ್ಟಿದ ಮೊದಲ ಕೆಲವು ಸೆಕೆಂಡಿನಲ್ಲಿ ಮಾತ್ರ ಹೊರಗಿನ ಕರೆಗಳು ಸೋಲುತ್ತಿದ್ದರೆ ಆ್ಯಪ್ ಎನ್ವಾಯ್‌ಗಿಂತ ಮೊದಲು ಎದ್ದಿದೆ. ಪ್ರಾಕ್ಸಿ ಸಿದ್ಧವಾಗುವವರೆಗೆ ಆ್ಯಪ್ ಅನ್ನು ತಡೆಹಿಡಿಯುವ ಆಯ್ಕೆ ಇಸ್ಟಿಯೋದಲ್ಲಿದೆ. ರಾತ್ರಿಯ ವರದಿ ತಯಾರಿಸುವ ಜಾಬ್ ಕೆಲಸ ಮುಗಿದರೂ ಮುಗಿಯದಂತೆ ತೋರಿಸುತ್ತಿದ್ದರೆ, ಆ್ಯಪ್ ಮಲಗಿದರೂ ಸೈಡ್‌ಕಾರ್ ಎಚ್ಚರವಾಗಿದೆ ಎಂದರ್ಥ. ಕ್ಯೂಬರ್ನೆಟಿಸ್ 1.29ರಿಂದ ತಾನಾಗಿಯೇ ಚಾಲೂ ಇರುವ ನೇಟಿವ್ ಸೈಡ್‌ಕಾರ್ ಇದಕ್ಕೆ ಮದ್ದು.

ಎರಡೇ ಪಾಡ್ ಇರುವ ಸೇವೆಗೆ ಔಟ್‌ಲೈಯರ್ ಡಿಟೆಕ್ಷನ್ ಹಾಕುವಾಗ ಯೋಚಿಸಿ. ಸತತ ಐದು 5ಎಕ್ಸ್‌ಎಕ್ಸ್ (500ರ ಸಾಲಿನ ದೋಷ) ಕಂಡರೆ ಪಾಡ್ ಅನ್ನು ಕನಿಷ್ಠ 30 ಸೆಕೆಂಡು ಹೊರಗಿಡುವುದು ಅದರ ಡೀಫಾಲ್ಟ್ ನಡವಳಿಕೆ. ಎಷ್ಟು ಪಾಲು ಪಾಡ್‌ಗಳನ್ನು ಹೊರಹಾಕಬಹುದು ಎಂಬ ಮಿತಿಯನ್ನು ಉತ್ಸಾಹದಲ್ಲಿ ನೂರಕ್ಕೆ ಏರಿಸಿದರೆ, ಡೇಟಾಬೇಸ್ ಒಂದು ಕ್ಷಣ ತಡವರಿಸಿದ್ದಕ್ಕೆ ಎರಡೂ ಪಾಡ್‌ಗಳು ಹೊರಗೆ ಬಿದ್ದು ಯುಎಚ್ ಮಳೆ ಸುರಿಯುತ್ತದೆ.

ನಮ್ಮ ಕಡೆಯದೇ ಒಂದು ಕಾಯಿಲೆ: ಒಂದು ಮಿಲ್ಲಿನ ಮೂಲೆಯಲ್ಲಿ ಇಟ್ಟಿದ್ದ ಪುಟ್ಟ ಸರ್ವರಿನಲ್ಲಿ ಬೆಳಿಗ್ಗೆ ಎದ್ದರೆ ಎಲ್ಲ ಕರೆಗಳೂ ಯುಎಫ್. ರಾತ್ರಿ ಕರೆಂಟು ಹೋಗಿ ಬಂದಾಗ ಅದರ ಗಡಿಯಾರ ವರ್ಷಗಟ್ಟಲೆ ಹಿಂದೆ ಸರಿದಿತ್ತು. ಒಳಗಿನ ಗುಂಡಿ ಬ್ಯಾಟರಿ ಸತ್ತಿತ್ತು. ಅಂದು ಹೊರಡಿಸಿದ ಸರ್ಟಿಫಿಕೇಟ್ ಆ ಸರ್ವರಿನ ಕಣ್ಣಿಗೆ ಇನ್ನೂ ಜಾರಿಗೆ ಬಂದಿರಲಿಲ್ಲ. ಮೆಶ್ ಕಡತಗಳನ್ನು ತಡಕಾಡುವ ಮೊದಲು ಎರಡೂ ಕಡೆ ಗಂಟೆ ಎಷ್ಟು ಎಂದು ಕೇಳಿ. ಒಂದು ಸಣ್ಣ ಬ್ಯಾಟರಿ ಬದಲಿಸಿದ ಮೇಲೆ ಅದು ಮತ್ತೆ ಕಾಡಿಲ್ಲ.

ದುರಸ್ತಿಯ ಮೇಲೆ ಕಣ್ಣು

ಇಸ್ಟಿಯೋ ಪ್ರಕಟಿಸುವ ‘ಇಸ್ಟಿಯೋ ರಿಕ್ವೆಸ್ಟ್ಸ್ ಟೋಟಲ್’ ಎಂಬ ಅಳತೆಯಲ್ಲಿ ‘ರಿಪೋರ್ಟರ್’ ಎಂಬ ಗುರುತು ಇದೆ. ಸೋರ್ಸ್ ಎಂದಿದ್ದರೆ ಕರೆಯುವವರ ಸೈಡ್‌ಕಾರ್ ಎಣಿಸಿದ್ದು, ಡೆಸ್ಟಿನೇಶನ್ ಎಂದಿದ್ದರೆ ಉತ್ತರಿಸುವವರದು. ಅಂದರೆ ಮೈಲ್ 69, ಮೈಲ್ 104 ಎರಡೂ ಅಲ್ಲಿಯೇ ಇವೆ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ, ರೆಸ್ಪಾನ್ಸ್ ಫ್ಲ್ಯಾಗ್ ಪ್ರಕಾರ ಬಣ್ಣ ಕೊಟ್ಟಿದ್ದೇನೆ. ಸರಾಸರಿ ಹಾಕದೆ ದಿನಕ್ಕೆ ಎಷ್ಟು ಎಂಬ ನೇರ ಎಣಿಕೆ ಇಟ್ಟಿದ್ದೇನೆ. ತೂಕದ ಸೇವೆಯಲ್ಲಿ ದಿನಕ್ಕೆ ಒಂದು ಯುಸಿ ಕಂಡರೂ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ. ಆವೃತ್ತಿ ಏರಿಸಿದ ದಿನಗಳಲ್ಲಿ ಒಂದೋ ಎರಡೋ ಬರುತ್ತವೆ. ಪಾಡ್ ಇಳಿಯುವಾಗ ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಿ ಇಳಿಯುವಂತೆ ಮಾಡುವ ಕೆಲಸ ಇನ್ನೂ ಬಾಕಿ ಇದೆ. ಉಳಿದ ದಿನ ಸೊನ್ನೆ.

ಟ್ಯಾಬ್ಲೆಟ್ ಈಗಲೂ ಐದು ಸೆಕೆಂಡಿಗೊಮ್ಮೆಯೇ ಕೇಳುತ್ತದೆ. ಬದಲಿಸೋಣ ಎಂದು ಕಚೇರಿಯಲ್ಲಿ ಒಬ್ಬರು ಹೇಳಿದರು, ಬೇಡ ಎಂದೆ. ಅದು ಏಳು ಸೆಕೆಂಡಾಗಿದ್ದರೆ ಈ ದೋಷ ಸಾಯುತ್ತಿರಲಿಲ್ಲ, ಅಡಗುತ್ತಿತ್ತು. ಕಳೆದ ವಾರ ಮಿಲ್ಲಿಗೆ ಹೋಗಿದ್ದಾಗ ಗುಮಾಸ್ತರ ಖಾತೆ ಪುಸ್ತಕದ ಅಂಚು ತಿರುವಿ ನೋಡಿದೆ. ಕೆಂಪು ಶಾಯಿಯ ಗುರುತು ಒಂದೇ ಒಂದು ಇತ್ತು, ಮುಂದೆ ‘ಕರೆಂಟು’ ಎಂದು ಬರೆದಿದ್ದರು.